ಅಪ್ಪ ಇವತ್ತು ರಜೆ

ಮಂಗಳವಾರ, ಬೆಳಿಗ್ಗೆ

ನನ್ನ ಗುಬ್ಬಿಗೆ ಅಪ್ಪನ ಪ್ರೀತಿಯ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ನಿಮ್ಮಮ್ಮನ ಮಂಡಿನೋವು ಇಳಿದಿದೆ, ಬಾಯಿಯ ಜೋರು ಮಾತ್ರ ಇಳಿದಿಲ್ಲ. ನಿನ್ನೆಯೇ ಬರೆಯಬೇಕಿತ್ತು. ಪೆನ್ನು ಹಿಡಿದಾಗಲೆಲ್ಲ ಮುಖ ಬಿಸಿಯಾಗಿ ಎದ್ದು ಹೋಗುತ್ತಿದ್ದೆ. ತಡವಾಯಿತು, ಕ್ಷಮಿಸು. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ನಿನ್ನ ದನಿ ಕೇಳಿದರೆ ಏನಾದರೂ ತಮಾಷೆ ಮಾಡಿ ಜಾರಿಕೊಂಡುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ.

ಮೊದಲು ಸುಳ್ಳಿನ ವಿಷಯ. ಇಟಾಲಿಯನ್ ಹೋಟೆಲಿನ ಕೌಂಟರಿನಲ್ಲಿ, ಫ್ಯಾನಿನ ಕೆಳಗೆ ಕೂರುವ ಕೆಲಸ ಎಂದು ನಿನಗೆ ಹೇಳಿದ್ದೆ. ಕೂರುವುದು ಎಲ್ಲಿಂದ ಬಂತು ಮಗಳೇ! ಪ್ರವಾಸಿಗರು ಗಿಜಿಗುಡುವ ಆ ಬೀದಿಯಲ್ಲಿ ಹೋಟೆಲಿಗೆ ಹೋಟೆಲು ಅಂಟಿಕೊಂಡಿದೆ, ಎಲ್ಲರದ್ದೂ ಅದೇ ಪಿಜ್ಜಾ, ಅದೇ ಪಾಸ್ತಾ. ಬಾಗಿಲಲ್ಲಿ ನಿಂತು ಯಾರು ಚೆನ್ನಾಗಿ ಕರೆಯುತ್ತಾರೋ ಅವರಿಗೆ ಗಿರಾಕಿ. ಬಸ್ ಕಂಡಕ್ಟರಾಗಿ ಕೂಗಿ ಕೂಗಿ ಪಳಗಿದ ಗಂಟಲು ನನ್ನದು. ಕೇಳಿದ ಕೂಡಲೇ ಮಾಲೀಕ ಕೆಲಸ ಕೊಟ್ಟ. ಜೊತೆಗೆ ಕೆಂಪು ಏಪ್ರನ್ನು, ಬಿಳಿ ಟೋಪಿ, ತುದಿ ತಿರುಚಿದ ಅಂಟು ಮೀಸೆ. ಬೆವರಿಗೆ ಅದರ ಒಂದು ಪಕ್ಕ ಕಿತ್ತುಕೊಂಡು ಬರುತ್ತದೆ. ಮಕ್ಕಳು ನಕ್ಕು ಫೋಟೋ ತೆಗೆಸಿಕೊಳ್ಳುತ್ತವೆ. ಭಾನುವಾರದ ತನಕ ನನಗೂ ಅದು ಮಜವಾಗಿಯೇ ಇತ್ತು.

ನೀನು ಹೇಳದೆ ಕೇಳದೆ ಹುಡುಗನನ್ನೂ ಅವನ ತಂದೆತಾಯಿಯನ್ನೂ ಕರೆದುಕೊಂಡು ಬಂದುಬಿಡುತ್ತೀಯೆಂದು ಯಾರಿಗೆ ಗೊತ್ತಿತ್ತು? ಹುಡುಗನನ್ನೂ ಬೀಗರಾಗುವವರನ್ನೂ ಮೊದಲ ಸಲ ನೋಡುತ್ತಿದ್ದೇನೆ, ನನ್ನ ಮೀಸೆ ಜೋತಾಡುತ್ತಿದೆ! ನೀನು ಗುರುತು ಹಿಡಿದು, ನಕ್ಕು, ಬಾಯಿ ತೆರೆದೆ. ನಾನು ಅಡ್ಡಬಾಯಿ ಹಾಕಿ, "ಬನ್ನಿ ಮೇಡಂ, ಬನ್ನಿ, ಒಳ್ಳೇ ಜಾಗ ಇದೆ" ಎಂದುಬಿಟ್ಟೆ. ಹೆತ್ತ ಮಗಳಿಗೆ ಮೇಡಂ! ನಿನ್ನ ನಗು ಅಲ್ಲೇ ನಿಂತಿತು.

ಮೆನು ಕಾರ್ಡು ತೆಗೆದುಕೊಳ್ಳುತ್ತಾ ಹುಡುಗನ ಅಮ್ಮ ಕೇಳಿದರು, "ನಮ್ಮ ಸೊಸೆಯಾಗೋಳ ತಂದೆ ಇಲ್ಲೇ ಕೌಂಟರಲ್ಲಿ ಇರ್ತಾರಂತೆ. ಸ್ವಲ್ಪ ಕರೀತೀರಾ?"

"ಅವ್ರು ಇವತ್ತು ರಜೆ, ಅಮ್ಮ" ಎಂದೆ.

"ಅಯ್ಯೋ, ಅವ್ರನ್ನ ನೋಡ್ಬೇಕು ಅಂತಾನೇ ಬಂದ್ವಿ!" ಎಂದರು ಆಕೆ. ಹುಡುಗನ ತಂದೆ, "ಹೋಗ್ಲಿ ಬಿಡು, ಇನ್ನೊಂದ್ಸಲ ಬರೋಣ" ಎಂದು ನನ್ನ ಭುಜ ತಟ್ಟಿದರು. ಎಷ್ಟು ಒಳ್ಳೆಯ ಜನ! ಅವರೆದುರು ನಾನು ಯಾಕೆ ಹಾಗೆ ಹೆದರಿದೆ? ನೀನು ಫೋರ್ಕಿಗೆ ಪಾಸ್ತಾ ಸುತ್ತುತ್ತಲೇ ಇದ್ದೆ, ಒಂದು ತುತ್ತೂ ಬಾಯಿಗೆ ಹೋಗಲಿಲ್ಲ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೀದಿಯ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದೆ.

ಮನೆಗೆ ಬಂದು ನಿಮ್ಮಮ್ಮನಿಗೆ, "ಅವಳ ಮರ್ಯಾದೆ ಉಳಿಸೋಕೆ ಹಾಗ್ಮಾಡ್ದೆ ಕಣೇ" ಎಂದೆ. "ಅವಳದ್ದೋ, ನಿಮ್ಮದೋ?" ಎಂದು ಕೇಳಿ ಒಳಗೆ ಹೋದಳು. ಅವಳ ಮಾತು ಸರಿ. ನಾಚಿಕೆ ಇದ್ದದ್ದು ನನಗೆ. ಅದನ್ನು ನಿನ್ನ ತಲೆಗೆ ಕಟ್ಟಿದೆ.

ಅಂದಿನಿಂದ ನಿನ್ನ ಫೋನಿಲ್ಲ. ಅವರಿಗೆ ಏನು ಹೇಳಿದ್ದೀಯೋ ಗೊತ್ತಿಲ್ಲ. ನೀನು ಹೂಂ ಅಂದರೆ ನಾನೇ ಅವರ ಮನೆಗೆ ಹೋಗಿ, ಆ ಮೀಸೆಯವನೇ ನಾನು ಎಂದು ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಮಾಡಿದ್ದುಣ್ಣೋ ಮಹಾರಾಯ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀವಿಬ್ಬರೂ ನಗುನಗುತ್ತಾ ನೂರು ಕಾಲ ಬಾಳಿ.

ನಿನ್ನ
ಅಪ್ಪ

ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು: ಪಕ್ಕದ ಮೇಜಿಗೆ ಜನ ಹೆಚ್ಚಾದಾಗ ನಿನ್ನ ಬಳಿಯ ಖಾಲಿ ಕುರ್ಚಿಗೆ ಕೈ ಹಾಕಿ, "ಇದು ತಗೊಳ್ಲಾ ಮೇಡಂ? ಯಾರಾದ್ರೂ ಬರೋರಿದ್ದಾರಾ?" ಎಂದೆ. ಅಷ್ಟು ಹೊತ್ತಿಗೆ ರಜೆ ಎಂದು ನಾನೇ ಹೇಳಿ ಆಗಿತ್ತು. ಆದರೂ ನೀನು ಕುರ್ಚಿ ಬಿಡದೆ, ನನ್ನ ಮುಖವನ್ನೇ ನೋಡುತ್ತಾ, "ನಮ್ಮಪ್ಪ ಬರ್ತಾರೆ" ಎಂದೆ. ನಾನು ನಿನ್ನ ಕೈ ಬಿಡಿಸಿ ಕುರ್ಚಿ ಎತ್ತಿಕೊಂಡು ಹೋದೆ.