ಕಣ್ಣಿ ಕೊಡದೆ ಮಾರಿದ ಕಾರು

ಮಸೂತಿ,
ಮಾರ್ಚ್ ೧೯೬೨

ಪ್ರೀತಿಯ ದೋಸ್ತ ಬಾಬುಲಾಲ,

ಈ ಕಥೆಯನ್ನು ಮೊದಲು ಹೇಳಿದವಳು ನಿನ್ನ ಅವ್ವ ರಮಜಾನಬಿ. ಹೋದ ಗುರುವಾರ ಸಂಜೆ, ಹತ್ತಿ ಬಿಡಿಸಿ ಬಂದ ಹೆಣ್ಣುಮಕ್ಕಳು ನಿಮ್ಮ ಕಟ್ಟೆಯ ಮೇಲೆ ಕುಂತಾಗ ಹೇಳಿದಳು. ನಡೆದಾಗ ಮುಂದೆ ನಿಂತವನು ನಾನೇ, ಆದರೂ ಅವಳ ಬಾಯಿಂದ ಕೇಳಿದ ಮೇಲೆಯೇ ಬರೆಯಲು ಕುಂತೆ. ಮಿರಜಿನ ದವಾಖಾನೆಯಲ್ಲಿ ನಿನ್ನ ಹೆಂಡತಿ ಸಗೀರಾ ಇದನ್ನು ನಿನಗೆ ಓದಿ ಹೇಳುತ್ತಾಳೆ. ತಂಗಿ, ಒಂದಿಷ್ಟು ಸಾವಕಾಶ ಓದವ್ವ.

ನಿನ್ನ ಕಾರು ಹೋಯಿತು, ಬಾಬುಲಾಲ.

ನಿನ್ನ ಕಣ್ಣು ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಿಮ್ಮಪ್ಪ ಕಾಸಿಂಸಾಬ ಕಾಕಾ ಒಂದೇ ಮಾತು ಹಿಡಿದರು: "ಅದು ಮನಿ ಮುಂದ ಇದ್ರ ಮಗಾ ಕೀಲಿ ತಿರುವೇ ತಿರುವ್ತಾನ. ಕಣ್ಣು ಹೋತು, ಜೀವ ಆದ್ರೂ ಉಳೀಲಿ." ಅಪ್ಪನ ಅಂಜಿಕೆಯ ಮುಂದೆ ನಾನೇನು ವಾದ ಮಾಡಲಿ? ನೀನಾದರೂ ದೊಡ್ಡದೇನು ಕೇಳಿದ್ದೆ? "ನಾ ಬರೂತನಕ ತಡೀರಿ. ಒಮ್ಮೆ ಕುಂತು ಇಳಿತೇನಿ, ಆಮ್ಯಾಲ ಯಾರಿಗರೆ ಕೊಡ್ರಿ" ಎಂದು ಹೇಳಿ ಕಳಿಸಿದ್ದೆ. ಅಷ್ಟೇ.

ಅದನ್ನು ಮುಂಬೈಯಿಂದ ತಂದ ದಿನ ನೆನಪಿದೆಯೇ? ಕುಂಕುಮದ ಬಣ್ಣ, ಎರಡೇ ಸೀಟು. ಐವತ್ತೈದರ ವಿಲಾಯತಿ ಎಂ.ಜಿ. ಗಾಡಿ, ಈ ನಮೂನೆಯದು ಆ ವರ್ಷಕ್ಕೇ ಕಡೆ, ಇನ್ನು ಹುಟ್ಟುವುದಿಲ್ಲ ಅಂತ ಹೇಳುವಾಗ ನಿನ್ನ ದನಿ ಬೇರೆಯಾಗಿತ್ತು. ನಿಮ್ಮ ಬಾಜೂ ಮನೆಯ ಹುಲಿಗೆವ್ವ ಸುತ್ತು ಹಾಕಿ ನೋಡಿ, "ಮನಿ ತುಂಬ ಮಂದಿ ಇಟಗೊಂಡು ಇಬ್ಬರೇ ಕೂಡೂದು ತಂದಿಯಲ್ಲೋ ಎಪ್ಪಾ" ಅಂದಿದ್ದಳು. ಬಾಗೇವಾಡಿ ರಸ್ತೆಯಲ್ಲಿ ನನ್ನ ರುಮಾಲು ಗಾಳಿಗೆ ಹಾರಿತು. ನೀನು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸು ಅನ್ನಲಿಲ್ಲ.

ಕೊಳ್ಳಲು ಬಂದ ಸಾಹೇಬ ಮುಂಬೈಯವನು, ಹುಟ್ಟಿದ್ದು ಧಾರವಾಡದಲ್ಲಂತೆ. ನಾನು ಎತ್ತಿನ ಸಂತೆಯಲ್ಲಿ ಬೆಳೆದವನು. ಗಿರಾಕಿಯನ್ನು ಓಡಿಸಬೇಕೆಂದರೆ ಎತ್ತಿನ ಐಬು ಹೇಳಬೇಕು, ಅದಕ್ಕಿಂತ ಬೇರೆ ವಿದ್ಯೆ ನನಗೆ ಗೊತ್ತಿಲ್ಲ. ಇದರ ಸಾಮಾನು ಎಲ್ಲೂ ಸಿಗುವುದಿಲ್ಲ ಅಂದೆ. ಅವನ ಮುಖ ಅರಳಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಲ್ಲಾ ಸುತ್ತಿದರೂ ಇದರ ಜೋಡಿ ಕಾಣುವುದಿಲ್ಲ, ಕೆಟ್ಟರೆ ಕೆಟ್ಟಂತೆಯೇ ಅಂದೆ. ಅವನು ಮೆಲ್ಲಗೆ ಬಾನೆಟ್ ಮೇಲೆ ಕೈಯಿಟ್ಟ. ಕಡೆಗೆ, "ಕಂಪನಿಯವ್ರೇ ಬ್ಯಾಡಂತ ಬಿಟ್ಟದ್ದು ರೀ ಇದು" ಅಂದೆ.

"ಗೊತ್ತೈತಿ. ಅದಕ್ಕ ಬಂದೇನಿ."

ಇಂಥವನ ಮುಂದೆ ಏನು ಮಾಡಲಿ ಹೇಳು. ಐಬು ಹೇಳಿದಷ್ಟೂ ಅವನ ಆಸೆ ಹೆಚ್ಚಾಯಿತು. ಕಾಕಾ ಹೂಂ ಅಂದುಬಿಟ್ಟರು.

ಆಗ ನಿನ್ನ ಅವ್ವ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಹೊಸ್ತಿಲಿಗೆ ಬಂದಳು. "ನಮ್ಮ ಮನಿಯಾಗ ಎತ್ತು ಮಾರಿದ್ರೂ ಅದನ್ನ ಕಟ್ಟೂ ಕಣ್ಣಿ ಕೊಡಂಗಿಲ್ಲ. ಇದರ ಕಣ್ಣಿ ಇದು, ಕೊಡಂಗಿಲ್ಲ." ನನಗೆ ಹೋದ ಜೀವ ಬಂತು. ಕೀಲಿ ಇಲ್ಲದ ಗಾಡಿಯನ್ನು ಯಾರು ಒಯ್ಯುತ್ತಾರೆ? ಸಾಹೇಬ ನಕ್ಕುಬಿಟ್ಟ. "ಇಟಗೋರಿ ಅವ್ವಾರ. ನಾ ಬ್ಯಾರೆ ಮಾಡಿಸ್ತೇನಿ. ಗಾಡಿ ಜೋಡಿ ಒಂದು ಕಥೀನೂ ಸಿಕ್ತು ನನಗ."

ನಮ್ಮೂರ ಭೀಮಶ್ಯಾನ ಎತ್ತುಗಳು ಅದನ್ನು ಬಾಗೇವಾಡಿಯಲ್ಲಿ ನಿಂತ ಲಾರಿಯವರೆಗೆ ಎಳೆದವು. ಸ್ಟೇರಿಂಗ್ ಹಿಡಿದು ಕುಂತ ಸಾಹೇಬ ಪಕ್ಕದ ಸೀಟು ತೋರಿಸಿ ನನ್ನನ್ನು ಕರೆದ. ಕೆಟ್ಟವನಲ್ಲ ಅವನು. ಕಡೆಗೊಮ್ಮೆ ನೀನು ಕುಂತು ಇಳಿಯದ ಗಾಡಿಯಲ್ಲಿ ನಾನು ಹೇಗೆ ಕೂಡಲಿ? ಧೂಳಿನಲ್ಲಿ ಹಿಂದೆ ಹಿಂದೆ ನಡೆದೆ.

ಅವ್ವ ಅವತ್ತು ಕಟ್ಟೆಯ ಮೇಲೆ ಹೇಳಿದ್ದು ಇಷ್ಟು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋದರು.

ಮರುದಿನ ಮುಂಜಾನೆ ಹೊಲಕ್ಕೆ ಹೋಗುವ ಮುಂಚೆ, ಕಟ್ಟೆಯ ಮೇಲೆ ಕುಂತು ಕೇಳಿದ್ದ ಹುಲಿಗೆವ್ವ, ಗುಂಡವ್ವ ಸೆಗಣಿ ಹಿಡಿದು ಬಂದು, ಕಾರು ನಿಲ್ಲುತ್ತಿದ್ದ ಚಪ್ಪರದ ನೆಲ ಸಾರಿಸಿದರು. ಗಾಲಿ ನಿಂತು ನಿಂತು ಬಿದ್ದ ನಾಲ್ಕು ಕುಳಿಗಳನ್ನು ಮಾತ್ರ ಮುಚ್ಚಲಿಲ್ಲ, ನಿನ್ನ ಬರಿಗಾಲಿಗೆ ಸಿಗಲಿ ಎಂದು ಸುತ್ತಲೇ ಸಾರಿಸಿ ಬಿಟ್ಟರು. ಆಮೇಲೆ ಹುಲಿಗೆವ್ವ ತನ್ನ ಮನೆಯಿಂದ ಒಂದು ಮಣೆ ತಂದು, ನೀನು ಕೂಡುತ್ತಿದ್ದ ಬಲಗಡೆಗೆ ಇಟ್ಟು ಹೋದಳು.

ಕೀಲಿ ಅವ್ವನ ಹತ್ತಿರ ಇದೆ. ಸಾವಕಾಶ ಬಾ. ದಾರಿಯುದ್ದಕ್ಕೂ ದೇವರು ನಿನ್ನ ಕೈ ಹಿಡಿದಿರಲಿ.

ನಿನ್ನ,
ಶಂಕ್ರೆಪ್ಪ