ನೆಟ್ಟಗೆ ನಿಂತು ಕೊಟ್ಟ ಅಳತೆ

ತೀರ್ಥರೂಪ ಸಮಾನರಾದ ಕಾಕಾ ಅವರಿಗೆ, ನಿಮ್ಮ ಮಲ್ಲೇಶನ ನಮಸ್ಕಾರಗಳು.

ಕ್ಷೇಮ ಸಮಾಚಾರ ಬರೆಯುವುದರಲ್ಲೇ ಅರ್ಧ ಕಾಗದ ಮುಗಿಸುತ್ತೀ ಎಂದು ನೀವು ಬೈಯುತ್ತಿದ್ದಿರಿ. ಅದಕ್ಕೆ ನೇರವಾಗಿ ವಿಷಯಕ್ಕೆ ಬರುತ್ತೇನೆ. ನನ್ನ ಹತ್ತಿರ ಈಗ ಹೊಸ ಗಾಲ್ಫ್ ಕೋಲುಗಳಿವೆ. ಪುಣೆಯಲ್ಲಿ ನನ್ನ ಮೈಯ ಅಳತೆ ತೆಗೆದು ಮಾಡಿಸಿದವು. ಮೂರು ತಿಂಗಳಾಯಿತು, ಅವುಗಳಿಂದ ಒಂದು ಚೆಂಡನ್ನೂ ಸರಿಯಾಗಿ ಹೊಡೆಯಲು ಆಗಿಲ್ಲ. ಯಾಕೆ ಆಗಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ನೀವು ಬದುಕಿದ್ದರೆ ಹೇಳುತ್ತಿರಲಿಲ್ಲವೇನೋ.

ನೀವು ಮಿಲಿಟರಿ ಬಿಟ್ಟು ರಬಕವಿಗೆ ಬಂದ ದಿನ ನೆನಪಿದೆ. ನಾನಾಗ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ. ಟ್ರಂಕಿನ ಜೊತೆ ಗೋಣಿಚೀಲದಲ್ಲಿ ಸುತ್ತಿದ ನಾಲ್ಕು ಕೋಲುಗಳಿದ್ದವು, ಓಣಿಯವರು ಬಂದೂಕು ಎಂದುಕೊಂಡಿದ್ದರು. ಆಫೀಸರರ ಮೆಸ್ಸಿನಲ್ಲಿ ಅಡುಗೆ ಮಾಡುತ್ತ, ಸಂಜೆ ಅವರ ಚೀಲ ಹೊತ್ತು ತಿರುಗುತ್ತ, ನೋಡಿ ನೋಡಿಯೇ ಆಟ ಕಲಿತವರು ನೀವು. ಯಾರೋ ಕರ್ನಲ್ ಕೊಟ್ಟ ಹಳೆಯ ಕೋಲುಗಳನ್ನು ನಿಮ್ಮ ಎತ್ತರಕ್ಕೆ ಕತ್ತರಿಸಿಕೊಂಡಿದ್ದಿರಿ. ಐದಡಿಯ ಮೇಲೆ ಎರಡು ಬೆರಳು, ಅಷ್ಟೇ ನಿಮ್ಮ ಎತ್ತರ. ಹಿಡಿಕೆಗೆ ನಿಮ್ಮ ಕೈಹಿಡಿದ ಕಾಕು ಮಗ್ಗದ ನೂಲನ್ನು ಬಿಗಿಯಾಗಿ ಸುತ್ತಿಕೊಟ್ಟರು. ಬೇಸಿಗೆಯಲ್ಲಿ ಕೃಷ್ಣೆ ಹಿಂದೆ ಸರಿದ ಮೇಲೆ ದಂಡೆಯ ಬಯಲಿನಲ್ಲಿ ಚೆಂಡು ಬೀಳುವ ಕುಳಿಗೆಂದು ಎಣ್ಣೆ ಡಬ್ಬಿ ಹುಗಿದು ನನ್ನ ಕೈಗೆ ಕೋಲು ಕೊಟ್ಟಿರಿ.

ಮರು ವರ್ಷ ನಾನು ನಿಮಗಿಂತ ಒಂದು ಗೇಣು ಎತ್ತರವಾಗಿದ್ದೆ. ಕೋಲು ನನ್ನ ಅರ್ಧ ತೊಡೆಯವರೆಗಷ್ಟೇ ಬರುತ್ತಿತ್ತು. ಉದ್ದನೆಯದು ಬೇಕು ಎಂದು ನಾನು ಗೊಣಗಿದಾಗ ನೀವು ಬೀಡಿ ಕಚ್ಚಿಕೊಂಡೇ ಹೇಳಿದಿರಿ: “ಬಡಿಗಿ ಗಿಡ್ಡ ಐತಿ ಅಂದ್ರ ನೀ ಬಾಗಲೇ. ಬಾಗಿದ್ರ ನಿಂದೇನ ಗಂಟ ಹೋಗತೈತಿ?” ಬಾಗಿದೆ. ಕಾಲು ಅಗಲಿಸಿ, ಮೊಣಕಾಲು ಮಡಚಿ, ಮೂಗು ಚೆಂಡಿನ ಹತ್ತಿರ ತಂದು ನಿಲ್ಲುವುದನ್ನು ಕಲಿತೆ. ಹೊಳೆಗೆ ಬಂದ ನೇಕಾರರು “ತಮ್ಮಾ, ಬಗ್ಗಿದಾಂವಗ ಒಂದ ಗುದ್ದು ಹೆಚ್ಚ ನೋಡ” ಎಂದು ನಗುತ್ತಿದ್ದರು. ಚೆಂಡು ಜಾಲಿಗಿಡಗಳ ಮೇಲೆ ಹಾರಿ ಹೋದಾಗ ಅವರೇ ಬಾಯಿ ಬಿಟ್ಟು ನಿಲ್ಲುತ್ತಿದ್ದರು.

ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಾಗ ನಿಮಗೆಷ್ಟು ಹಿಗ್ಗು! ಅಲ್ಲಿನ ದೊಡ್ಡ ಸಾಹೇಬರು ಕ್ವಾರ್ಟರ್ಸಿನ ಹಿಂದೆ ಆರು ಕುಳಿಗಳ ಗಾಲ್ಫ್ ಮೈದಾನ ಮಾಡಿಸಿದ್ದಾರೆ ಎಂದಾಗ ನಾಲ್ಕೂ ಕೋಲುಗಳನ್ನು ನೀವೇ ಬಸ್ಸಿನ ಮೇಲೆ ಕಟ್ಟಿ ಕಳಿಸಿದಿರಿ. ಆರು ತಿಂಗಳಲ್ಲಿ ಅಲ್ಲಿ ನನ್ನನ್ನು ಸೋಲಿಸುವವರು ಉಳಿಯಲಿಲ್ಲ. ಆದರೆ ಒಂದು ದಿನ ನಾನು ಬಾಗಿ ನಿಂತದ್ದನ್ನು ನೋಡಿ ಸಾಹೇಬರು “ಏನ್ರೀ ಮಲ್ಲೇಶ, ನೆಲದಾಗ ಏನರ ಕಳಕೊಂಡೀರೇನು?” ಎಂದರು. ಎಲ್ಲರೂ ನಕ್ಕರು. ಧಾರವಾಡದ ಕಡೆಯ ಮನುಷ್ಯ, ಮನಸ್ಸಿನಲ್ಲಿ ಏನೋ ಇಟ್ಟುಕೊಂಡು ಆಡಿದ ಮಾತಲ್ಲ ಅದು. ನಾನೂ ನಕ್ಕೆ. ಅಂದಿನಿಂದ ನನ್ನ ನಿಲುವು ನನಗೇ ಹಳ್ಳಿಗಾಡಿನದಾಗಿ ಕಾಣತೊಡಗಿತು.

ಹೇಳಬೇಕಾದ ಮಾತು ಇಲ್ಲಿಂದ ಶುರು. ಒಂದು ರವಿವಾರ ನೀವು ಹೇಳದೆ ಕೇಳದೆ ಶೇಂಗಾ ಹೋಳಿಗೆಯ ಗಂಟು ಹಿಡಿದು ಮೈದಾನಕ್ಕೇ ಬಂದಿರಿ. ಧೋತರ, ಮಿಲಿಟರಿ ಬೂಟು, ತಲೆಗೆ ಟವೆಲ್ಲು. ಬೇಲಿಯ ಹತ್ತಿರ ಚಹಾ ತರುವವರ ಜೊತೆ ನಿಂತಿರಿ. “ಯಾರ್ರೀ ಅವರು, ನಿಮ್ಮ ಕಡೇನ ನೋಡಾಕತ್ತಾರಲ್ಲ?” ಎಂದು ಸಾಹೇಬರು ಕೇಳಿದರು. ನಾನು ತಿರುಗಿಯೂ ನೋಡದೆ “ಯಾರೋ ನಮ್ಮೂರಾಗಿನವರು, ಸಾಹೇಬ್ರ” ಎಂದೆ. ನಿಮಗೆ ಕೇಳಿಸಿತೇ, ಕಾಕಾ? ನಿಮ್ಮನ್ನು ಬಸ್ಸಿಗೆ ಬಿಡಲು ನಾನು ಬಂದಾಗ ನೀವು ಹೇಳಿದ್ದು ಇಷ್ಟೇ: “ಎರಡನೇ ಹೊಡತ ಛಲೋ ಇತ್ತು ನೋಡ.” ಕೇಳಿಸಿದ್ದರೂ ನೀವು ಅಷ್ಟನ್ನೇ ಹೇಳುತ್ತಿದ್ದಿರಿ ಎಂಬುದು ನನಗೆ ಗೊತ್ತು. ನಾಲ್ಕು ತಿಂಗಳಿಗೆ ನೀವು ತೀರಿಕೊಂಡಿರಿ. ನಾನು ಅತ್ತದ್ದನ್ನು ಕಂಡು ಊರವರು “ಹೊಟ್ಟಿಲೆ ಹುಟ್ಟಿದ ಮಗಾನೂ ಹಿಂಗ ಅಳಂಗಿಲ್ಲ” ಎಂದರು. ಮೈದಾನದಲ್ಲಿ ನಾನು ಆಡಿದ ಮಾತು ಅವರಿಗೆ ಗೊತ್ತಿರಲಿಲ್ಲ.

ಈ ವರ್ಷ ಸಾಹೇಬರು ಕೆಲಸದ ಮೇಲೆ ಪುಣೆಗೆ ಹೊರಟಾಗ ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡರು. “ನಿಮ್ಮಂಥಾ ಆಟಗಾರಗ ಆ ಗಿಡ್ಡ ಕೋಲು ಶೋಭಿಸಂಗಿಲ್ಲ” ಎಂದು ಗಾಲ್ಫ್ ಕೋಲು ಮಾಡುವ ಒಬ್ಬ ಮಿಸ್ತ್ರಿಯ ಅಂಗಡಿಗೆ ಕರೆದೊಯ್ದರು. ಎಪ್ಪತ್ತು ದಾಟಿದ ಮರಾಠಿ ಮುದುಕ, ಟೇಪು ಕೊರಳಲ್ಲಿ. ಕೈಗೊಂದು ಕೋಲು ಕೊಟ್ಟು, ದಿನಾ ಹೇಗೆ ನಿಲ್ಲುತ್ತೀಯೋ ಹಾಗೆ ನಿಲ್ಲು ಎಂದ. ಪಕ್ಕದಲ್ಲಿ ಸಾಹೇಬರು ನಿಂತಿದ್ದರು. ನಾನು ಬಾಗಲಿಲ್ಲ, ಕಾಕಾ. ಕ್ಯಾಲೆಂಡರಿನಲ್ಲಿ ಕಂಡ ಯಾವನೋ ವಿಲಾಯತಿ ಆಟಗಾರನ ಹಾಗೆ ಬೆನ್ನು ನೆಟ್ಟಗೆ ಮಾಡಿ ನಿಂತೆ. ಅವನು ಮಣಿಕಟ್ಟಿನಿಂದ ನೆಲದವರೆಗೆ ಅಳೆದ, ಎರಡು ಸಲ ಬೀಸು ಎಂದ, ಬೀಸಿದೆ. ಅಂಗೈ ನೋಡಿ, ಹಿಡಿತ ಚೆನ್ನಾಗಿದೆ, ಯಾರು ಕಲಿಸಿದರು ಎಂದ. ಯಾರೂ ಇಲ್ಲ, ಪುಸ್ತಕ ನೋಡಿ ಕಲಿತೆ ಎಂದುಬಿಟ್ಟೆ.

ಕೋಲುಗಳು ಬಂದ ಮೊದಲ ದಿನ ಅವುಗಳ ಹೊಳಪು ನೋಡಿ ಎಲ್ಲರೂ ಸುತ್ತ ನೆರೆದರು. ಮೊದಲ ಹೊಡೆತಕ್ಕೆ ಕೋಲು ಚೆಂಡಿನ ನೆತ್ತಿಯನ್ನಷ್ಟೇ ಸವರಿತು, ಎರಡನೆಯದಕ್ಕೆ ಅಂಗೈಯಗಲ ಮಣ್ಣು ಎದ್ದಿತು. ರೂಢಿಯಾಗುತ್ತದೆ ಎಂದರು. ಆಗಲಿಲ್ಲ. ನೆಟ್ಟಗೆ ನಿಂತರೆ ಚೆಂಡು ಎಲ್ಲಿದೆ ಎಂದು ಕೈಗೆ ತಿಳಿಯುವುದಿಲ್ಲ. ಮರೆತು ಬಾಗಿದೆನೋ, ಹಿಡಿಕೆಯ ತುದಿ ಹೊಟ್ಟೆಗೆ ತಿವಿಯುತ್ತದೆ. ಮಣಿಕಟ್ಟು ಬಾತು ಎಣ್ಣೆ ಹಚ್ಚಿಕೊಂಡೆ. ಕೋಲಿನ ತೂಕವೇ ತಪ್ಪಿದೆ, ಮಿಸ್ತ್ರಿಗೆ ವಯಸ್ಸಾಗಿದೆ ಎಂದು ಕಂಡಕಂಡವರ ಮುಂದೆ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಆ ಮುದುಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವನ ಎದುರು ನಿಂತವನಿಗೆ ಸರಿಯಾಗಿಯೇ ಮಾಡಿದ್ದ. ಅಲ್ಲಿ ನಿಂತವನು ನಾನಾಗಿರಲಿಲ್ಲ, ಅಷ್ಟೇ.

ಮೊನ್ನೆ ರವಿವಾರ ನನ್ನ ಚೆಂಡು ಮತ್ತೆ ಕಬ್ಬಿನೊಳಗೆ ಹೋದಾಗ ಸಾಹೇಬರಿಗೆ ಸಿಟ್ಟು ಬಂತು. ನನ್ನ ಮೇಲಲ್ಲ, ಮಿಸ್ತ್ರಿಯ ಮೇಲೆ. “ಆ ಮುದುಕ ಮೋಸ ಮಾಡ್ಯಾನ. ನಾಳೆನ ಪತ್ರಾ ಬರೀತೇನಿ. ಇನ್ನ ನಮ್ಮ ಕಡೆಯವರು ಯಾರೂ ಅವನ ಅಂಗಡಿ ಮೆಟ್ಟಲ ಹತ್ತಬಾರದು” ಎಂದರು. ನಾಲ್ಕು ಜನ ಹೌದು ಹೌದು ಎಂದರು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಒಮ್ಮೆ ನಿಜ ಮುಚ್ಚಿಟ್ಟು ನಿಮ್ಮನ್ನು ಕಳೆದುಕೊಂಡೆ, ಈಗ ಯಾವುದೋ ಊರಿನ ಮುದುಕನ ಹೆಸರನ್ನೂ ಕೆಡಿಸಲೇ? “ತಪ್ಪು ಅವರದಲ್ಲ ಸಾಹೇಬ್ರ, ನಂದು. ನಾನು ನಿಲ್ಲೂದು ಬಾಗಿ. ನೀವು ನಗತೀರಿ ಅಂತ ಅಲ್ಲಿ ನೆಟ್ಟಗ ನಿಂತೆ” ಎಂದೆ. ಹಾಗೆಯೇ ಅವರೆದುರು ಬಾಗಿ ನಿಂತು ತೋರಿಸಿದೆ. ಈ ಸಲ ಯಾರೂ ನಗಲಿಲ್ಲ.

ಸಾಹೇಬರು ಹತ್ತಿರ ಬಂದು ನನ್ನ ಕಾಲುಗಳನ್ನು ನೋಡಿದರು. “ಇದನ್ನ ನೀವು ಪುಸ್ತಕದಾಗ ಕಲತಿಲ್ಲ ಬಿಡ್ರಿ. ಕಲಿಸಿದವರು ಯಾರು?” ಎಂದರು. ಹೇಳಿದೆ. ಮೆಸ್ಸಿನ ಅಡುಗೆ, ಹೊತ್ತ ಚೀಲ, ಹೊಳೆಯ ದಂಡೆ, ಎಲ್ಲ ಹೇಳಿದೆ. ಅವರ ಮುಖ ಅರಳಿತು. “ಎಂಥಾ ಮನಷ್ಯಾರೀ! ಅವರನ್ನ ಒಂದ ಸಲಾನರ ಇಲ್ಲಿಗೆ ಕರಕೊಂಡ ಬರಬಾರದೇನ್ರಿ?”

“ಬಂದಿದ್ರು, ಸಾಹೇಬ್ರ” ಎಂದೆ. “ಆ ಬೇಲಿ ಹಂತೇಕ ನಿಂತಿದ್ರು. ಅವರು ಯಾರು ಅಂತ ನೀವು ನನಗ ಕೇಳಿದ್ರಿ.”

ನಿಮ್ಮ ಅಣ್ಣನ ಮಗ,
ಮಲ್ಲೇಶ