ಅಪ್ಪ ಜೈಲಿನಲ್ಲಿದ್ದಾನಂತೆ

ಬೀಚ್ ಫೋರ್ಕ್, ಕೆಂಟಕಿ
ಮಾರ್ಚ್ 14, ಶನಿವಾರ ಬೆಳಿಗ್ಗೆ

ನನ್ನ ತಮ್ಮ ಡೆಲ್‌ಗೆ, ಸಿಟ್ಟಿನೊಂದಿಗೆ, ಪ್ರೀತಿಯೊಂದಿಗೆ,

ಅಜ್ಜಿ ಕಸೂತಿ ಹಾಕಿ ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಸಾಲು ನೆನಪಿದೆಯೇ? ‘ತಂದೆಯ ಹೆಸರು ಹೊತ್ತವನು ಒಂಟಿಯಾಗಿ ಬೀಳನು.’ ಬೀಳನು ಎಂದಿತ್ತೋ, ನಡೆಯನು ಎಂದಿತ್ತೋ? ಬೀಳನು ಎಂದೇ ಇದ್ದಿರಬೇಕು. ಏಕೆಂದರೆ ಈ ವಾರ ಅಪ್ಪನೂ ಜೈಲು ಸೇರಿದ, ಕಾಗದದ ಮೇಲೆ.

ಮಂಗಳವಾರ ಪಿಂಚಣಿ ಕಚೇರಿಯಿಂದ ಪತ್ರ ಬಂತು: ‘ಡೆಲ್ಬರ್ಟ್ ಹಾಸ್ಕಿನ್ಸ್, ತಾವು ಸೆರೆಯಲ್ಲಿರುವುದರಿಂದ ಪಿಂಚಣಿ ನಿಲ್ಲಿಸಲಾಗಿದೆ.’ ಅಪ್ಪ ಅದನ್ನು ತನ್ನ ಕುರ್ಚಿಯಲ್ಲೇ ಕೂತು ಓದಿದ. ನನ್ನ ಜೀವ ಬಾಯಿಗೆ ಬಂತು. ಎರಡು ಸಲ ಹೃದಯಾಘಾತವಾದವನಿಗೆ ನಿನ್ನ ವಿಷಯ ತಿಳಿಯಬಾರದೆಂದು, ನೀನು ಅಲಾಸ್ಕಾದಲ್ಲಿ ಮೀನು ಹಿಡಿಯುತ್ತಿದ್ದೀಯೆಂದು ಎರಡು ತಿಂಗಳಿಂದ ಸುಳ್ಳು ಹೆಣೆಯುತ್ತಿದ್ದೇನಲ್ಲ! ಕುಡಿದು ಹುಲ್ಲು ಕತ್ತರಿಸುವ ಗಾಡಿಯನ್ನು ನ್ಯಾಯಾಧೀಶರ ಗುಲಾಬಿ ಗಿಡಗಳ ಮೇಲೆ ಹತ್ತಿಸಿ ಜೈಲು ಸೇರಿದ ಮಗನಿಗಿಂತ ಅದು ಮೇಲು.

ಇಬ್ಬರೂ ಕಚೇರಿಗೆ ಹೋದೆವು. ಕಿಟಕಿಯಾಚೆಯ ಹುಡುಗಿ ತಾಳ್ಮೆಯಿಂದ ವಿವರಿಸಿದಳು: ಜೈಲಿನವರು ತಿಂಗಳಿಗೊಮ್ಮೆ ಕೈದಿಗಳ ಪಟ್ಟಿ ಕಳಿಸುತ್ತಾರೆ. ಜೈಲಿನಲ್ಲಿ ಊಟ, ಹಾಸಿಗೆ, ಔಷಧಿ ಸರ್ಕಾರದ್ದೇ. ಅದರ ಮೇಲೆ ಪಿಂಚಣಿಯನ್ನೂ ಕೊಟ್ಟರೆ ಒಬ್ಬನನ್ನೇ ಎರಡು ಸಲ ಸಾಕಿದಂತೆ.

“ಹಾಗಾದ್ರೆ ನನ್ನ ಊಟ ಎಲ್ಲಿದೆಯಮ್ಮ?” ಅಂದ ಅಪ್ಪ. “ಯಾರೂ ತಟ್ಟೆ ತಂದಿಲ್ಲ. ಹಾಸಿಗೇನೂ ಹಳೇದೇ.”

ಹುಡುಗಿ ನಕ್ಕು, ಇದೇ ಹೆಸರಿನವರು ಮನೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದಳು. ಅಪ್ಪ ರೆಪ್ಪೆಯನ್ನೂ ಬಡಿಯದೆ, “ಮಗ ಇದಾನೆ. ಅಲಾಸ್ಕಾದಲ್ಲಿ ಮೀನು ಹಿಡೀತಾನೆ. ಪಾಪ, ಪುರುಸೊತ್ತೇ ಇಲ್ಲ” ಅಂದ. ಅವನ ನಂಬಿಕೆ ನೋಡಿ ನನಗೆ ಅಳು ಬಂತು.

ತಪ್ಪು ನಿನ್ನದೇ. ಅಪ್ಪನ ಕಣ್ಣು ಮಂದವಾದ ಮೇಲೆ ಅವನ ಅರ್ಜಿಗಳನ್ನೆಲ್ಲ ನೀನೇ ತುಂಬುತ್ತಿದ್ದೆ. ಸರ್ಕಾರ ಪ್ರತಿಯೊಬ್ಬರಿಗೂ ಕೊಡುವ ಒಂಬತ್ತು ಅಂಕಿಗಳ ಗುರುತಿನ ಸಂಖ್ಯೆಯಲ್ಲಿ ನಿನಗೆ ಬಾಯಿಪಾಠ ಇದ್ದದ್ದು ಅವನದು ಮಾತ್ರ. ಜೈಲಿನ ಬಾಗಿಲಲ್ಲಿ ಅದನ್ನೇ ಒಪ್ಪಿಸಿದ್ದೀಯ. ನಿನ್ನ ಸ್ವಂತ ಸಂಖ್ಯೆಯಿರುವ ಚೀಟಿ ಇದರೊಳಗಿದೆ. ಅದನ್ನು ತೋರಿಸಿ, ಇದು ಕೈಸೇರಿದ ದಿನವೇ ತಿದ್ದಿಸು. ಅಪ್ಪನಿಗೆ ಮಾತ್ರ ಸುಳಿವು ಸಿಗಕೂಡದು.

ನಿನ್ನ ಅಕ್ಕ,
ಕೊರೀನ್

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಪಕ್ಕದ ಮನೆಯ ಪ್ರುವಿಟ್ ಅಜ್ಜಿ ಕಾರಿನ ಬೀಗದ ಕೈ ಆಡಿಸುತ್ತ ಬಾಗಿಲಿಗೆ ಬಂದಳು. “ನಿಮ್ಮಪ್ಪನ್ನ ಬೇಗ ಕಳ್ಸೇ, ಜೈಲಲ್ಲಿ ಭೇಟಿ ಹೊತ್ತು ಮೀರುತ್ತೆ” ಅಂದವಳು ನಾಲಿಗೆ ಕಚ್ಚಿಕೊಂಡಳು. “ಅಯ್ಯೋ, ಪ್ರತಿ ಶನಿವಾರ ಹೋಗ್ತೀವಿ ಕಣೇ. ಹೀಗೆ ಹೋಗೋದು ನಿಂಗೆ ಗೊತ್ತಾಗಬಾರದು, ನಿನ್ನ ಎದೆ ತಡೆಯಲ್ಲ ಅಂತ ಅಪ್ಪ ಮಗ ಇಬ್ರೂ ನನ್ನ ಹತ್ರ ಆಣೆ ಹಾಕಿಸಿದ್ರು.”